ಬ್ಯಾಟು ಬೀಸುವುದಕ್ಕೂ ಟ್ಯೂಷನ್ ಬೇಕೆ?

ಗಣಿತಕ್ಕೆ ಟ್ಯೂಷನ್, ವಿಜ್ಞಾನಕ್ಕೆ ಟ್ಯೂಷನ್, ಈಗ ಕವರ್ ಡ್ರೈವಿಗೂ ಟ್ಯೂಷನ್. ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹೊರವಲಯದಲ್ಲಿ ಒಂದು ಕಾಲಕ್ಕೆ ರಾಗಿ, ದ್ರಾಕ್ಷಿ ಬೆಳೆಯುತ್ತಿದ್ದ ಹೊಲಗಳ ಪಕ್ಕದಲ್ಲೇ ಹಸಿರು ಬಲೆ ಕಟ್ಟಿ, ಕೆಳಗೆ ಪ್ಲಾಸ್ಟಿಕ್ ಹುಲ್ಲು ಹಾಸಿದ ಜಾಗಗಳು ಎದ್ದಿವೆ. ಭಾನುವಾರ ಬೆಳಿಗ್ಗೆ ಏಳಕ್ಕೆಲ್ಲ ಅಲ್ಲಿ ಅಪ್ಪಂದಿರು ಹಾಜರು. ಸ್ಕೂಟರಿನ ಮುಂದೆ ಕಿಟ್ ಬ್ಯಾಗು, ಹಿಂದಿನ ಸೀಟಿನಲ್ಲಿ ಹತ್ತು ಹನ್ನೊಂದು ವರ್ಷದ ಮಗು. ಬ್ಯಾಚಿನಲ್ಲಿ ನಮ್ಮ ಹುಡುಗನಿಗೆ ಹತ್ತು ಬಾಲೂ ಸಿಗೋದಿಲ್ಲ ಎನ್ನುವ ದೂರಿನಿಂದ ಮಾತು ಶುರುವಾಗುತ್ತದೆ. ಆಮೇಲೆ ಕೋಚನ್ನು ಸ್ವಲ್ಪ ಪಕ್ಕಕ್ಕೆ ಕರೆದು, "ಸಾರ್, ಪರ್ಸನಲ್ ಕೊಡೋಕಾಗುತ್ತಾ?"

ಪರ್ಸನಲ್ ಅಂದರೆ ಒಬ್ಬ ಕೋಚು, ಒಂದು ಮಗು, ಅರ್ಧ ಮುಕ್ಕಾಲು ಗಂಟೆ. ವಾರಕ್ಕೊಂದೋ ಎರಡೋ ಸಲ, ಫೀಸು ಬೇರೆ. ಅಮೆರಿಕದಲ್ಲಿ ಸಾಫ್ಟ್‌ಬಾಲ್ ಆಡುವ ಹುಡುಗಿಯರ ಮನೆಗಳಲ್ಲಿ ಇದು ಹಳೇ ರೂಢಿ. ಅಲ್ಲಿ ಚೆಂಡು ಎಸೆಯುವುದನ್ನು ಕಲಿಸಲು ಒಬ್ಬರು, ಹೊಡೆಯುವುದನ್ನು ಕಲಿಸಲು ಇನ್ನೊಬ್ಬರು. ಎಂಟು ವರ್ಷದ ಮಗುವಿಗೂ ವಾರದ ಪಾಠ ಬೇಕೋ ಬೇಡವೋ ಎಂದು ತಾಯಿತಂದೆ ತಲೆ ಕೆಡಿಸಿಕೊಳ್ಳುತ್ತಾರೆ. ನಮ್ಮಲ್ಲಿ ಸಾಫ್ಟ್‌ಬಾಲ್ ಶಾಲಾ ಕಾಲೇಜು ಕ್ರೀಡಾಕೂಟದ ಆಟ, ಪಿ.ಟಿ. ಮೇಷ್ಟ್ರೇ ಅದರ ಕೋಚು. ಅವರು ಅದೇ ಮಧ್ಯಾಹ್ನ ಖೊಖೊ ತಂಡವನ್ನೂ ಥ್ರೋಬಾಲ್ ತಂಡವನ್ನೂ ನೋಡಿಕೊಳ್ಳಬೇಕು. ಹಾಗಾಗಿ ಆ ಚಿಂತೆ ಇಲ್ಲಿ ಕ್ರಿಕೆಟ್ಟಿನ ವೇಷದಲ್ಲಿ ಬಂದಿದೆ. ವಿಮಾನ ನಿಲ್ದಾಣದ ಆಚೆ ಸಿಂಗಹಳ್ಳಿಯಲ್ಲಿ 2024ರ ಸೆಪ್ಟೆಂಬರಿನಲ್ಲಿ ಬಿಸಿಸಿಐ ತನ್ನ ಸೆಂಟರ್ ಆಫ್ ಎಕ್ಸಲೆನ್ಸ್ ತೆರೆಯಿತು. 40 ಎಕರೆ ಜಾಗ, ಮೂರು ಮೈದಾನ. ಭಾರತ ತಂಡದ ಆಟಗಾರರು ಊರ ಪಕ್ಕದ ರಸ್ತೆಯಲ್ಲೇ ಓಡಾಡುವಾಗ ಮನೆಯಲ್ಲಿ ಬ್ಯಾಟು ಹಿಡಿದ ಮಗುವಿದ್ದರೆ ಯಾವ ಅಪ್ಪನಿಗೆ ಆಸೆ ಹುಟ್ಟುವುದಿಲ್ಲ?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹದಿಮೂರು ಹದಿನಾಲ್ಕು ದಾಟದ ಮಗುವಿಗೆ ವಾರ ವಾರ ತಪ್ಪದ ಪರ್ಸನಲ್ ಪಾಠ ಬೇಕಿಲ್ಲ. ಇಂಥದ್ದೇ ತೊಂದರೆ ಎಂದು ಗೊತ್ತಾದಾಗ ನಾಲ್ಕಾರು ಪಾಠ ತೆಗೆದುಕೊಂಡು, ಅದು ಸರಿಹೋದ ಮೇಲೆ ನಿಲ್ಲಿಸಬೇಕು. ಹುಡುಗಿಯರ ವಿಷಯಕ್ಕೆ ಬಂದರೆ ಮಾತ್ರ ಈ ಉತ್ತರ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ. ಅಲ್ಲಿಗೆ ಆಮೇಲೆ ಬರೋಣ.

ಚೆಂಡು ಹೊಡೆಯುವುದು ಕೈಯ ಕೆಲಸ ಎಂದು ನಾವು ಅಂದುಕೊಂಡಿದ್ದೇವೆ. ಮೊಣಕೈ ಎಲ್ಲಿದೆ, ಬ್ಯಾಟು ನೆಟ್ಟಗೆ ಬರುತ್ತಿದೆಯೇ, ಮುಂಗಾಲು ಎಲ್ಲಿ ಬಿತ್ತು ಎಂದೇ ನೋಡುತ್ತೇವೆ, ಏಕೆಂದರೆ ಅದು ಕಾಣಿಸುತ್ತದೆ, ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಲೂ ಸಿಗುತ್ತದೆ. ಆದರೆ ಸಮಯದ ಲೆಕ್ಕ ಹಾಕಿ ನೋಡಿ. ಮಹಿಳೆಯರ ಸಾಫ್ಟ್‌ಬಾಲಿನಲ್ಲಿ ಪಿಚರ್ ನಿಲ್ಲುವುದು 43 ಅಡಿ, ಅಂದರೆ 13 ಮೀಟರು ದೂರದಲ್ಲಿ. ಅವಳು ಮುಂದಕ್ಕೆ ಹೆಜ್ಜೆ ಹಾಕಿ ಕೈ ಬಿಡುವ ಹೊತ್ತಿಗೆ ಆ ದೂರ ಇನ್ನೂ ಕಡಿಮೆಯಾಗಿರುತ್ತದೆ. ಚೆಂಡು ಗಂಟೆಗೆ 90 ಕಿ.ಮೀ. ವೇಗದಲ್ಲಿ ಬಂದರೆ ಹೊಡೆಯುವವಳಿಗೆ ಸಿಗುವುದು ಅರ್ಧ ಸೆಕೆಂಡಿಗೂ ಕಡಿಮೆ ಸಮಯ. ಕ್ರಿಕೆಟ್ಟಿನ ಪಿಚ್ಚು 22 ಗಜ ಉದ್ದವಿದ್ದರೂ ಗಂಟೆಗೆ 120 ಕಿ.ಮೀ. ವೇಗದ ಬೌಲರ್ ಮುಂದೆ ಲೆಕ್ಕ ಹೆಚ್ಚುಕಡಿಮೆ ಅಷ್ಟಕ್ಕೇ ಬಂದು ನಿಲ್ಲುತ್ತದೆ. ಕಂಡದ್ದಕ್ಕೆ ಮೈ ಪ್ರತಿಕ್ರಿಯಿಸಲು ಒಂದು ಸೆಕೆಂಡಿನ ಐದನೇ ಒಂದು ಭಾಗ ಬೇಕು, ಬ್ಯಾಟು ಬೀಸಲು ಮತ್ತಷ್ಟು. ಎಲ್ಲ ಕಳೆದ ಮೇಲೆ ಉಳಿಯುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅಷ್ಟರಲ್ಲಿ ಚೆಂಡು ಎಲ್ಲಿ ಬೀಳುತ್ತದೆ, ಎತ್ತ ತಿರುಗುತ್ತದೆ, ಬಿಡಬೇಕೋ ಹೊಡೆಯಬೇಕೋ ಎಲ್ಲ ತೀರ್ಮಾನವಾಗಬೇಕು.

ಅಂದಮೇಲೆ ಚೆಂಡು ಕೈ ಬಿಡುವ ಮೊದಲೇ ಅರ್ಧ ವಿಷಯ ಗೊತ್ತಾಗಿರಬೇಕು. ಎಸೆಯುವವರ ಭುಜ, ಮಣಿಕಟ್ಟು, ಓಟದ ಲಯ, ಬೆರಳು ಚೆಂಡಿನ ಯಾವ ಮಗ್ಗುಲಿನಲ್ಲಿದೆ ಎನ್ನುವುದನ್ನು ಓದಿಯೇ ಒಳ್ಳೆಯ ಬ್ಯಾಟರ್‌ಗಳು ಆಡುತ್ತಾರೆ. ಹಾಗೆ ಓದುತ್ತಿದ್ದೇವೆ ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಇದಕ್ಕೆ ಸಾಫ್ಟ್‌ಬಾಲಿನಲ್ಲೇ ಒಂದು ಸೊಗಸಾದ ಸಾಕ್ಷಿ ಇದೆ. 2004ರ ಒಂದು ಪ್ರದರ್ಶನ ಪಂದ್ಯದಲ್ಲಿ ಅಮೆರಿಕದ ಸಾಫ್ಟ್‌ಬಾಲ್ ಪಿಚರ್ ಜೆನ್ನಿ ಫಿಂಚ್ ಅವರ ಎದುರು ಬೇಸ್‌ಬಾಲ್ ದಿಗ್ಗಜ ಆಲ್ಬರ್ಟ್ ಪುಹೋಲ್ಸ್ ಬ್ಯಾಟು ಹಿಡಿದು ನಿಂತರು. ಗಂಟೆಗೆ 150 ಕಿ.ಮೀ. ವೇಗದ ಚೆಂಡನ್ನು ದಿನವೂ ಹೊಡೆಯುವವರು ಅದಕ್ಕಿಂತ ಕಡಿಮೆ ವೇಗದ, ಅದಕ್ಕಿಂತ ದಪ್ಪಗಿನ ಚೆಂಡಿಗೆ ಬ್ಯಾಟು ತಾಗಿಸಲಾಗದೆ ಔಟಾದರು. ಪುಹೋಲ್ಸ್ ಕೈಗೇನೂ ಆಗಿರಲಿಲ್ಲ, ಬ್ಯಾಟು ಬೀಸುವ ಶೈಲಿಯೂ ಕೆಟ್ಟಿರಲಿಲ್ಲ. ತೋಳನ್ನು ಚಕ್ರದಂತೆ ತಿರುಗಿಸಿ ಸೊಂಟದ ಪಕ್ಕದಿಂದ ಬಿಡುವ ಚೆಂಡನ್ನು ಓದಿ ಅವರ ಕಣ್ಣಿಗೆ ಅಭ್ಯಾಸವಿರಲಿಲ್ಲ, ಅಷ್ಟೆ.

ಕಣ್ಣಿನ ಕೆಲಸದ ಬಗ್ಗೆ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯೋಡ್ 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಬ್ಯಾಟರ್‌ಗಳ ತಲೆಗೆ ಕಣ್ಣಿನ ಚಲನೆ ದಾಖಲಿಸುವ ಕ್ಯಾಮೆರಾ ಕಟ್ಟಿ ನೋಡಿದರು. "ಬಾಲ್ ಮೇಲಿಂದ ಕಣ್ಣು ತೆಗೀಬೇಡ" ಎಂದು ನಾವು ಮಕ್ಕಳಿಗೆ ಕೂಗಿ ಹೇಳುತ್ತೇವಲ್ಲ, ಯಾರೂ ಹಾಗೆ ಮಾಡುವುದೇ ಇಲ್ಲ. ಚೆಂಡು ಕೈ ಬಿಟ್ಟದ್ದನ್ನು ಕ್ಷಣಕಾಲ ನೋಡಿ, ಅದು ಪುಟಿಯುವ ಜಾಗವನ್ನು ಊಹಿಸಿ, ಚೆಂಡಿಗಿಂತ ಮೊದಲೇ ಕಣ್ಣು ಅಲ್ಲಿಗೆ ಹಾರಿರುತ್ತದೆ. ಒಳ್ಳೆಯ ಬ್ಯಾಟರ್‌ನ ಕಣ್ಣು ಬೇಗ ಹಾರುತ್ತದೆ, ಉಳಿದವರದ್ದು ತಡವಾಗಿ.

ಈಗ ಪರ್ಸನಲ್ ಸೆಷನ್ನಿನೊಳಗೆ ಹೋಗಿ ನೋಡೋಣ. ಬಲೆಯ ಒಂದು ತುದಿಯಲ್ಲಿ ಮುಕ್ಕಾಲಿಯ ಮೇಲೆ ಬೌಲಿಂಗ್ ಮಷಿನ್. ಎರಡು ಗಾಲಿಗಳು ಗುಂಯ್ ಎನ್ನುತ್ತಿರುತ್ತವೆ. ಕೋಚು ಬಕೆಟ್ಟಿನಿಂದ ಗುಳಿಗುಳಿಯ ಹಳದಿ ಚೆಂಡೊಂದನ್ನು ತೆಗೆದು, ಮಗುವಿಗೆ ತೋರಿಸಲು ಕೈ ಮೇಲೆತ್ತಿ, ಗಾಲಿಗಳ ನಡುವೆ ಬಿಡುತ್ತಾರೆ. ಟಪ್. ಆಫ್ ಸ್ಟಂಪಿನ ಆಚೆ, ಅದೇ ಉದ್ದ, ಅದೇ ವೇಗ. "ಎಲ್ಬೋ ಮೇಲಿರ್ಲಿ ಮಗ, ತಲೆ ಅಲ್ಲಾಡಿಸ್ಬೇಡ." ಮತ್ತೆ ಟಪ್. ಹದಿನೈದನೇ ಚೆಂಡಿನ ಹೊತ್ತಿಗೆ ಮಗು ಎಷ್ಟು ಚೆನ್ನಾಗಿ ಹೊಡೆಯತೊಡಗುತ್ತದೆ ಎಂದರೆ, ಬಲೆಯಾಚೆ ನಿಂತ ಅಪ್ಪ ತಾನಾಗಿಯೇ ಮೊಬೈಲು ತೆಗೆಯುತ್ತಾನೆ. ಬ್ಯಾಟಿನ ನಡುವಿಗೆ ಚೆಂಡು ಬಿದ್ದ ಆ ಸದ್ದು ಫೀಸು ವಸೂಲಾದ ಸದ್ದು.

ಆದರೆ ಮಷಿನ್ನಿಗೆ ಭುಜವಿಲ್ಲ, ಮಣಿಕಟ್ಟಿಲ್ಲ. ಓದುವುದಕ್ಕೆ ಅಲ್ಲಿ ಏನೂ ಇಲ್ಲ. ರಾಸ್ ಪಿಂಡರ್, ಇಯಾನ್ ರೆನ್‌ಶಾ, ಕೀತ್ ಡೇವಿಡ್ಸ್ ಎಂಬ ಸಂಶೋಧಕರು 2009ರಲ್ಲಿ ಎಳೆಯ ಬ್ಯಾಟರ್‌ಗಳನ್ನು ಮಷಿನ್ ಮುಂದೆಯೂ ನಿಜವಾದ ಬೌಲರ್ ಮುಂದೆಯೂ ನಿಲ್ಲಿಸಿ ಹೋಲಿಸಿದರು. ಬ್ಯಾಟು ಹಿಂದಕ್ಕೆತ್ತುವ, ಮುಂಗಾಲು ಚಾಚುವ ಸಮಯವೇ ಬೇರೆ ಬೇರೆಯಾಗಿತ್ತು. ಮಷಿನ್ ಮುಂದೆ ಕಲಿತ ಲಯ ಬೌಲರ್ ಮುಂದೆ ಹಾಗೇ ಕೆಲಸಕ್ಕೆ ಬರುತ್ತದೆ ಎಂದು ನಂಬಿ ಕೂರುವಂತಿಲ್ಲ.

ಒಂದೇ ಥರದ ಚೆಂಡು ಮತ್ತೆ ಮತ್ತೆ ಹೊಡೆಯುವುದರ ಬಗ್ಗೆ ಇನ್ನೂ ಖಾರವಾದ ಫಲಿತಾಂಶ 1994ರದ್ದು. ಕ್ಯಾಲಿಫೋರ್ನಿಯಾದ ಕಾಲೇಜು ಬೇಸ್‌ಬಾಲ್ ಆಟಗಾರರಲ್ಲಿ 30 ಮಂದಿಯನ್ನು ಹಾಲ್, ಡೊಮಿಂಗೆಸ್, ಕವಾಸೋಸ್ ಎಂಬ ಮೂವರು ಮೂರು ಗುಂಪು ಮಾಡಿದರು. ಎರಡು ಗುಂಪಿಗೆ ವಾರಕ್ಕೆರಡು ದಿನ, ಆರು ವಾರ, ದಿನಕ್ಕೆ 45 ಚೆಂಡಿನ ಹೆಚ್ಚುವರಿ ಅಭ್ಯಾಸ. ಒಂದು ಗುಂಪಿಗೆ ಹದಿನೈದು ವೇಗದ ಚೆಂಡು, ಆಮೇಲೆ ಹದಿನೈದು ತಿರುವಿನದು, ಆಮೇಲೆ ಹದಿನೈದು ನಿಧಾನದ್ದು, ಹೀಗೆ ಕಂತು ಕಂತಾಗಿ. ಇನ್ನೊಂದು ಗುಂಪಿಗೆ ಅದೇ 45 ಚೆಂಡು, ಯಾವುದು ಯಾವಾಗ ಬರುತ್ತದೋ ಗೊತ್ತಿಲ್ಲದ ಹಾಗೆ ಕಲಸಿ. ಮೂರನೆಯ ಗುಂಪಿಗೆ ಹೆಚ್ಚುವರಿ ಏನೂ ಇಲ್ಲ. ಕೊನೆಗೆ, ಮುಂದೆ ಯಾವ ಚೆಂಡು ಬರುತ್ತದೋ ತಿಳಿಯದ ಪರೀಕ್ಷೆ ಇಟ್ಟಾಗ ಕಲಸು ಗುಂಪಿನವರು ಸುಮಾರು 57 ಪ್ರತಿಶತ ಸುಧಾರಿಸಿದ್ದರು, ಕಂತಿನ ಗುಂಪಿನವರು 25, ಏನೂ ಮಾಡದವರು 6. ಚೆಂಡಿನ ಸಂಖ್ಯೆ ಅಷ್ಟೇ, ಸಮಯ ಅಷ್ಟೇ. ಬದಲಾದದ್ದು ಮುಂದಿನ ಚೆಂಡು ಯಾವುದೆಂಬ ಅನುಮಾನ.

ಅಭ್ಯಾಸದ ಹೊತ್ತಿನಲ್ಲಿ ಚಂದ ಕಾಣುವುದು ಕಂತಿನದ್ದೇ. ಕಲಸಿ ಎಸೆದರೆ ಮಗು ತಪ್ಪುತ್ತದೆ, ತಡವರಿಸುತ್ತದೆ, ಮುಖ ಬಾಡುತ್ತದೆ. ಅಪ್ಪನ ಮೊಬೈಲು ಜೇಬಿನಲ್ಲೇ ಉಳಿಯುತ್ತದೆ, ಮುಂದಿನ ತಿಂಗಳು ಆ ಕೋಚನ್ನು ಬಿಡಿಸಿ ಬೇರೆ ಕಡೆ ಸೇರಿಸುವ ಯೋಚನೆ ಬರುತ್ತದೆ. ಇದು ಗೊತ್ತಿರುವ ಕೋಚುಗಳೂ ಗೊತ್ತಿದ್ದೇ ಹಳದಿ ಚೆಂಡನ್ನು ಒಂದೇ ಕಡೆ ಹಾಕುತ್ತಾರೆ. ಅವರನ್ನು ದೂರಿ ಫಲವಿಲ್ಲ. ಜಾಗದ ಬಾಡಿಗೆ, ಮ್ಯಾಟು, ಬಲೆ, ಚೆಂಡು, ಸಂಜೆಯ ಲೈಟಿನ ಕರೆಂಟು ಬಿಲ್ಲು ಎಲ್ಲ ಬ್ಯಾಚಿನ ಫೀಸಿನಲ್ಲಿ ಏಳುವುದು ಕಷ್ಟ. ಅಂಗಡಿ ನಡೆಸುವುದು ಪರ್ಸನಲ್.

ಕಲಸಿದ ಅಭ್ಯಾಸ ದುಡ್ಡಿಲ್ಲದೆ ಸಿಗುತ್ತಿದ್ದ ಜಾಗವೊಂದು ನಮ್ಮ ಊರುಗಳಲ್ಲಿತ್ತು: ಕೆರೆ ಅಂಗಳ. ಬೇಸಿಗೆಯಲ್ಲಿ ನೀರು ಇಂಗಿ ಬಿರುಕು ಬಿಟ್ಟ ನೆಲದಲ್ಲಿ ಟೆನಿಸ್ ಬಾಲು ಒಮ್ಮೆ ಮೊಣಕಾಲಿಗೆ, ಒಮ್ಮೆ ಗಲ್ಲಕ್ಕೆ ಬರುತ್ತಿತ್ತು. ಆರು ಓವರಿನಲ್ಲಿ ಆರು ಬೌಲರು. ಒಬ್ಬ ಎಡಗೈ, ಒಬ್ಬ ನಿಂತಲ್ಲೇ ಎಸೆಯುವವ, ಇನ್ನೊಬ್ಬ ಕೈ ಮಡಚುವವ, ಅವನ ಮೇಲೆ ದಿನಾ ಜಗಳ. ಬೀದಿಯ ಕ್ರಿಕೆಟ್ಟಿನ ಕಾನೂನುಗಳು ಕೂಡ ತಮಾಷೆಯ ತರಬೇತಿಯೇ. ಕಾಂಪೌಂಡ್ ದಾಟಿದರೆ ಔಟು, ಆದ್ದರಿಂದ ನೆಲಕ್ಕೆ ಹೊಡೆಯಬೇಕು. ಲೆಗ್ ಸೈಡಿನಲ್ಲಿ ಕಿಟಕಿ ಇದ್ದರೆ ಆಫ್ ಸೈಡಿಗೇ ಆಡಬೇಕು. ಒಂದು ಪಿಚ್ಚಿನ ಕ್ಯಾಚಿಗೂ ಔಟು ಎಂದಾದರೆ ಕೈ ಸಡಿಲ ಬಿಟ್ಟು ಆಡಬೇಕು. ಔಟಾದರೆ ಮತ್ತೆ ಬ್ಯಾಟಿಂಗ್ ಸಿಗುವುದು ಕತ್ತಲಾದ ಮೇಲೆ, ಅಂದರೆ ಇಲ್ಲ. ಇಂಥ ಒತ್ತಡವನ್ನು ಯಾವ ಅಕಾಡೆಮಿಯೂ ಫೀಸು ತೆಗೆದುಕೊಂಡು ಕೊಡಲಾರದು.

ಕೆರೆ ಅಂಗಳದಿಂದಲೇ ಎಲ್ಲರೂ ದ್ರಾವಿಡ್ ಆಗುತ್ತಾರೆ ಎನ್ನುವ ಭ್ರಮೆಯೂ ಬೇಡ. ಲೆದರ್ ಬಾಲು ಬೇರೆಯೇ ಜಾತಿ. ಸ್ವತಃ ರಾಹುಲ್ ದ್ರಾವಿಡ್ ಕಣ್ಣಿಗೆ ಬಿದ್ದದ್ದು ಚಿನ್ನಸ್ವಾಮಿ ಕ್ರೀಡಾಂಗಣದ ಬೇಸಿಗೆ ಶಿಬಿರದಲ್ಲಿ, ಕೋಚ್ ಕೇಕಿ ತಾರಾಪೋರ್ ಅವರಿಗೆ. ಅದು ಹತ್ತಾರು ಮಕ್ಕಳ ನಡುವಿನ ಶಿಬಿರ. ಗದಗಿನ ಸುನಿಲ್ ಜೋಶಿ ಹುಡುಗನಾಗಿದ್ದಾಗ ಅಭ್ಯಾಸಕ್ಕೆಂದು ಬೆಳಿಗ್ಗೆ ಹುಬ್ಬಳ್ಳಿಗೆ ಹೋಗಿ, ಶಾಲೆಯ ಹೊತ್ತಿಗೆ ಗದಗಕ್ಕೆ ವಾಪಸಾಗುತ್ತಿದ್ದರು. ಡಾನ್ ಬ್ರಾಡ್ಮನ್ ಬೌರಲ್ ಎಂಬ ಸಣ್ಣ ಊರಿನ ಮನೆ ಹಿತ್ತಲಿನಲ್ಲಿ ಗಾಲ್ಫ್ ಚೆಂಡನ್ನು ನೀರಿನ ಟ್ಯಾಂಕಿನ ಇಟ್ಟಿಗೆ ಕಟ್ಟೆಗೆ ಎಸೆದು, ಎತ್ತೆತ್ತಲೋ ಪುಟಿದು ಬರುವುದನ್ನು ಸ್ಟಂಪಿನಿಂದ ಹೊಡೆಯುತ್ತಿದ್ದ ಕತೆ ಎಲ್ಲರಿಗೂ ಗೊತ್ತು. ಆ ಕಟ್ಟೆ ಎರಡು ಸಲ ಒಂದೇ ಥರ ಚೆಂಡು ಕೊಟ್ಟಿರಲಾರದು.

"ಹಾಗಾದ್ರೆ ವಿರಾಟ್ ಕೊಹ್ಲಿಗೆ ಯಾಕೆ ಥ್ರೋಡೌನ್?" ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಭಾರತ ತಂಡದ ಥ್ರೋಡೌನ್ ಪರಿಣತ ರಘು, ನಮ್ಮ ಕುಮಟಾದ ರಾಘವೇಂದ್ರ. ಉದ್ದ ಹಿಡಿಯ ಸೌಟಿನಂಥ ಸೈಡ್‌ಆರ್ಮ್ ಹಿಡಿದು ಗಂಟೆಗೆ 150 ಕಿ.ಮೀ. ಆಸುಪಾಸಿನಲ್ಲಿ ಚೆಂಡು ಎಸೆಯುವವರು. 2013ರ ನಂತರ ವೇಗದ ಬೌಲಿಂಗ್ ಎದುರು ತಂಡ ಸುಧಾರಿಸಿದ್ದರಲ್ಲಿ ರಘು ಪಾತ್ರ ದೊಡ್ಡದು ಎಂದು ಕೊಹ್ಲಿಯೇ ಹೇಳಿದ್ದಾರೆ. ಆದರೆ ಆ ಥ್ರೋಡೌನ್ ಎದುರಿಸುವವರು ಆಗಲೇ ಸಾವಿರಾರು ಬೌಲರುಗಳ ಕೈ ಓದಿ ಬಂದವರು. ನಾಳೆಯ ಪಂದ್ಯದಲ್ಲಿ ಯಾವ ವೇಗ, ಯಾವ ಎತ್ತರ ಎದುರಾಗಲಿದೆಯೋ ಅದನ್ನೇ ಕೇಳಿ ಪಡೆಯುತ್ತಾರೆ. ಅವರದು ನಿರ್ದಿಷ್ಟ ಪ್ರಶ್ನೆ. ಹತ್ತು ವರ್ಷದ ಮಗುವಿಗೆ ಇನ್ನೂ ಪ್ರಶ್ನೆಯೇ ಹುಟ್ಟಿರುವುದಿಲ್ಲ.

ಪ್ರಶ್ನೆ ಹುಟ್ಟುವ ಸಂದರ್ಭಗಳು ಇವೆ, ಆಗ ಪರ್ಸನಲ್ ಪಾಠಕ್ಕೆ ನಿಜವಾದ ಬೆಲೆ ಇದೆ. ಟೆನಿಸ್ ಬಾಲಿನಿಂದ ಲೆದರ್ ಬಾಲಿಗೆ ಬಂದ ಮಗು ಚೆಂಡಿಗೆ ಹೆದರಿ ಲೆಗ್ ಸೈಡಿಗೆ ಸರಿಯುತ್ತಿದ್ದರೆ ಬ್ಯಾಚಿನಲ್ಲಿ ಎಲ್ಲರ ಮುಂದೆ ಅದು ಬಿಡುವುದಿಲ್ಲ; ಕೋಚು ಆ ಮಗುವಿನ ಜೊತೆಗೇ ನಿಂತು ಮೆತ್ತನೆಯ ಚೆಂಡಿನಿಂದ ಶುರುಮಾಡಿ ಭಯ ಬಿಡಿಸಬೇಕು. ಕೆಳಗಿನ ಕೈ ಬಿಗಿ ಹಿಡಿದು ಎಲ್ಲವನ್ನೂ ಅಡ್ಡ ಎಳೆಯುವ ಅಭ್ಯಾಸ ಬೇರು ಬಿಟ್ಟಿದ್ದರೆ ಅದಕ್ಕೂ ಒಬ್ಬರ ಗಮನ ಬೇಕು. ಹದಿಮೂರು ಹದಿನಾಲ್ಕರಲ್ಲಿ ಮಗು ಒಂದೇ ವರ್ಷದಲ್ಲಿ ಗೇಣುದ್ದ ಬೆಳೆದು, ನಿನ್ನೆಯವರೆಗೆ ಸರಿಯಿದ್ದ ನಿಲುವು ಇವತ್ತು ಎಡವಟ್ಟಾಗುವುದು ಸಾಮಾನ್ಯ. ಪೆಟ್ಟಾಗಿ ತಿಂಗಳುಗಟ್ಟಲೆ ಕೂತು ಮರಳಿದ ಮಗುವಿನ ವಿಷಯವೂ ಹಾಗೆಯೇ.

ಕ್ರಿಕೆಟ್ಟಿನಿಂದ ಸಾಫ್ಟ್‌ಬಾಲಿಗೆ ಹೋಗುವ ಹುಡುಗಿಗಂತೂ ಮೊದಲ ಕೆಲವು ಪಾಠ ಖಂಡಿತ ಬೇಕು. ಕ್ರಿಕೆಟ್ ಕಲಿಸಿದ್ದೆಲ್ಲ ಅಲ್ಲಿ ತಿರುಗುಮುರುಗು. ಚೆಂಡು ನೆಲಕ್ಕೆ ಬೀಳುವುದಿಲ್ಲ, ನೇರವಾಗಿ ಗಾಳಿಯಲ್ಲೇ ಬರುತ್ತದೆ. ಬ್ಯಾಟು ದುಂಡಗಿನದು, ದಪ್ಪ ಎರಡೂಕಾಲು ಇಂಚು ಮೀರುವಂತಿಲ್ಲ. ಕ್ರಿಕೆಟ್ ಬ್ಯಾಟಿನ ಅಗಲ ಅದರ ಸುಮಾರು ಎರಡರಷ್ಟು. ನೆಟ್ಟಗೆ ಇಳಿಸುವ ಬದಲು ಸೊಂಟ ಮೊದಲು ತಿರುಗಿ, ಕೈ ಹಿಂದಿನಿಂದ ಬಂದು, ಅಡ್ಡಡ್ಡ ಬೀಸಬೇಕು. ತಡೆದು ನಿಲ್ಲಿಸಿ ಇಡೀ ದಿನ ಆಡುವ ಐಷಾರಾಮವಿಲ್ಲ, ಮೂರು ಸ್ಟ್ರೈಕಿಗೆ ಆಟ ಮುಗಿಯಿತು. ಇದನ್ನು ಕಲಿಸಲು ದೊಡ್ಡ ಸಲಕರಣೆ ಬೇಕಿಲ್ಲ. ಸೊಂಟದೆತ್ತರದ ಪಿವಿಸಿ ಪೈಪೊಂದನ್ನು ಭಾರದ ಬುಡಕ್ಕೆ ನೆಟ್ಟು, ತುದಿಗೆ ಹಳೇ ಟ್ಯೂಬಿನ ರಬ್ಬರು ಸುತ್ತಿ, ಮೇಲೆ ಚೆಂಡು ಇಟ್ಟು ಹೊಡೆಸಿದರೆ ಸೊಂಟದ ತಿರುವು ಹದಿನೈದು ದಿನದಲ್ಲಿ ಹಿಡಿತಕ್ಕೆ ಬರುತ್ತದೆ. ಆಮೇಲೂ ತಿಂಗಳುಗಟ್ಟಲೆ ನಿಂತ ಚೆಂಡನ್ನೇ ಹೊಡೆಯುತ್ತಿದ್ದರೆ ಮತ್ತೆ ಮಷಿನ್ನಿನ ಕತೆಯೇ.

ದಣಿವಿನ ಲೆಕ್ಕವೂ ಒಂದಿದೆ. ಬ್ಯಾಚು, ಪಂದ್ಯ, ಶಾಲೆಯ ತಂಡ, ಮೇಲೆ ಪರ್ಸನಲ್ ಎಲ್ಲ ಸೇರಿದರೆ ಮಗುವಿಗೆ ಬಿಡುವೇ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರ ವರದಿಯಲ್ಲಿ ಹೇಳಿದ್ದು ಸರಳ: ವಾರಕ್ಕೆ ಒಂದೆರಡು ದಿನ ಆ ಆಟದಿಂದ ರಜೆ, ವರ್ಷದಲ್ಲಿ ಬಿಡಿಬಿಡಿಯಾಗಿ ಒಟ್ಟು ಮೂರು ತಿಂಗಳು ರಜೆ, ಹದಿನೈದು ಹದಿನಾರರ ತನಕ ಒಂದೇ ಆಟಕ್ಕೆ ಕಟ್ಟಿಹಾಕಬೇಡಿ. ದೊಡ್ಡಬಳ್ಳಾಪುರದ ಭಗತ್ ಸಿಂಗ್ ಕ್ರೀಡಾಂಗಣದಲ್ಲಿ ಕಬಡ್ಡಿಯನ್ನೂ ಆಡುವ ಹುಡುಗ ಕ್ರಿಕೆಟ್ಟಿಗೆ ದ್ರೋಹ ಬಗೆಯುತ್ತಿಲ್ಲ.

ಇನ್ನು ಹುಡುಗಿಯರು. ಕೆರೆ ಅಂಗಳವನ್ನು ಇಷ್ಟು ಹೊಗಳಿದೆನಲ್ಲ, ಅಲ್ಲಿ ಹುಡುಗಿಯರು ಎಲ್ಲಿದ್ದರು? ದಂಡೆಯ ಮೇಲೆ. ತಮ್ಮನ ಜೊತೆ ಬಂದವಳಿಗೆ ದೂರದ ಫೀಲ್ಡಿಂಗು, ಬಾಲು ಜಾಲಿ ಮುಳ್ಳಿನೊಳಗೆ ಹೋದರೆ ತರುವ ಕೆಲಸ. ಬ್ಯಾಟಿಂಗ್ ಸರದಿ ಬರುವ ಹೊತ್ತಿಗೆ "ಕತ್ತಲಾಯ್ತು, ಮನೆಗೆ ಬಾ" ಎಂಬ ಕೂಗು. ಶಾಂತಾ ರಂಗಸ್ವಾಮಿ 1976ರಲ್ಲಿ ಭಾರತದ ಮೊದಲ ಮಹಿಳಾ ಟೆಸ್ಟ್ ತಂಡವನ್ನು ಬೆಂಗಳೂರಿನಲ್ಲೇ ಮುನ್ನಡೆಸಿದರು. ಕಡೂರಿನ ವೇದಾ ಕೃಷ್ಣಮೂರ್ತಿ ತರಬೇತಿಗೆಂದೇ ಬೆಂಗಳೂರಿಗೆ ಬಂದು, 2011ರಲ್ಲಿ ಹದಿನೆಂಟಕ್ಕೆ ಭಾರತದ ಅಂಗಿ ತೊಟ್ಟರು. 2025ರ ನವೆಂಬರ್ 2ರಂದು ಭಾರತದ ಮಹಿಳೆಯರು ವಿಶ್ವಕಪ್ ಗೆದ್ದರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಕ್ರಿಕೆಟ್ಟೂ ಸಾಫ್ಟ್‌ಬಾಲೂ ಒಟ್ಟಿಗೇ ಮರಳುತ್ತಿವೆ. ಆಸೆಗೆ ಕಾರಣ ಬೇಕಾದಷ್ಟಿದೆ. ಕಡಿಮೆ ಇರುವುದು ಅವಳಿಗೆ ಬರುವ ಚೆಂಡಿನ ಸಂಖ್ಯೆ.

ಆದ್ದರಿಂದ ಮಗಳಿಗೆ ಪರ್ಸನಲ್ ಹಿಡಿದ ತಾಯಿ ಕೊಳ್ಳುತ್ತಿರುವುದು ಬಹಳ ಸಲ ತಾಂತ್ರಿಕ ಪಾಠವನ್ನಲ್ಲ. ಯಾರೂ ಓಡಿಸದ ಮುಕ್ಕಾಲು ಗಂಟೆಯನ್ನು, ಒಂದು ಕ್ರೀಸನ್ನು, ಅವಳಿಗಾಗಿಯೇ ಎಸೆಯುವ ಒಂದು ಕೈಯನ್ನು. ಮಗ್ಗದ ಕೂಲಿಯಲ್ಲಿ, ಗಾರ್ಮೆಂಟ್ಸ್ ಸಂಬಳದಲ್ಲಿ ಅದನ್ನು ತೆತ್ತರೆ ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಅದೇ ದುಡ್ಡನ್ನು ನಾಲ್ಕು ಮನೆಯವರು ಕೂಡಿಸಿದರೆ ನಾಲ್ಕು ಹುಡುಗಿಯರಿಗೆ ಒಂದು ಬಲೆ, ಒಬ್ಬ ಕೋಚು, ಎರಡು ಗಂಟೆ ಸಿಗುತ್ತದೆ. ಒಬ್ಬಳು ಹೊಡೆಯುವಾಗ ಮೂವರು ಎಸೆಯುತ್ತಾರೆ. ಒಬ್ಬಳದು ಎಡಗೈ ಆಗಿದ್ದರೆ ಇನ್ನೂ ಒಳ್ಳೆಯದು.

ಕೋಚಿಗೆ ದುಡ್ಡು ಕೊಡುವ ಮೊದಲು ಎರಡು ಮಾತು ಕೇಳಿ. ಇವಳಲ್ಲಿ ಯಾವ ಒಂದು ವಿಷಯ ಸರಿಮಾಡುತ್ತೀರಿ ಸಾರ್? ಅದು ಸರಿಯಾಯಿತೆಂದು ನೆಟ್ಟಿನಲ್ಲಲ್ಲ, ಪಂದ್ಯದಲ್ಲಿ ನಮಗೆ ಹೇಗೆ ಗೊತ್ತಾಗುತ್ತದೆ? ಉತ್ತರ ಬಂದರೆ ಆರು ವಾರಕ್ಕೆ ಸೇರಿಸಬಹುದು. ಮಿಕ್ಕ ದಿನಗಳಿಗೆ ಮನೆಯಂಗಳದಲ್ಲಿ ಮಾಡುವುದೂ ಇದೆ. ಆರು ಟೆನಿಸ್ ಬಾಲು ತಂದು ಮೂರಕ್ಕೆ ಕೆಂಪು, ಮೂರಕ್ಕೆ ನೀಲಿ ಗುರುತು ಹಾಕಿ. ಎಸೆಯುವವರು ಚೆಂಡನ್ನು ಬೆನ್ನ ಹಿಂದೆ ಬಚ್ಚಿಟ್ಟು, ಕೈ ಬದಲಿಸಿ, ಒಮ್ಮೆ ಜೋರಾಗಿ ಒಮ್ಮೆ ನಿಧಾನವಾಗಿ ಬಿಡಲಿ. ಕೆಂಪಾದರೆ ಹೊಡೆ, ನೀಲಿಯಾದರೆ ಬಿಡು. ಬಣ್ಣವನ್ನು ಚೆಂಡು ಮುಟ್ಟುವ ಮೊದಲು ಕೂಗಿ ಹೇಳಬೇಕು. ಇವತ್ತು ಅಪ್ಪ ಎಸೆದರೆ ನಾಳೆ ಅಜ್ಜಿ ಎಸೆಯಲಿ, ನಾಡಿದ್ದು ಪಕ್ಕದ ಮನೆಯ ಎಡಚ. ಮೊದಲ ವಾರ ಮಗು ಬಹಳಷ್ಟು ತಪ್ಪುತ್ತದೆ, ಮೊಬೈಲಿನಲ್ಲಿ ಹಿಡಿಯುವಂಥದ್ದು ಏನೂ ಇರುವುದಿಲ್ಲ.